ಒಂದು ಟ್ರೈ, ಅರವತ್ಮೂರು ಪಂದ್ಯ: ವಿಲ್ಲಿ ಜಾನ್ ಮೆಕ್‌ಬ್ರೈಡ್ ಅವರ ಆಟದ ಬದುಕಿನ ಮರುಪರಿಶೀಲನೆ

1. ಪ್ರವೇಶ

ಆಟಗಾರನ ಸಾಧನೆಯನ್ನು ಅವನು ಗಳಿಸಿದ ಅಂಕಗಳಿಂದ ಅಳೆಯುವುದು ರೂಢಿ. ರಗ್ಬಿಯ ಲಾಕ್ ಫಾರ್ವರ್ಡ್‌ಗೆ ಈ ಅಳತೆಗೋಲು ಒಗ್ಗುವುದಿಲ್ಲ. ಸ್ಕ್ರಮ್‌ನ ಎರಡನೆಯ ಸಾಲಿನಲ್ಲಿ ನಿಂತು ಮುಂದಿನವರನ್ನು ನೂಕುವುದು, ಲೈನ್‌ಔಟ್‌ನಲ್ಲಿ ನೆಗೆದು ಚೆಂಡು ಹಿಡಿದುಕೊಡುವುದು ಅವನ ಕೆಲಸ. ಅಂಕ ಬೀಳುವುದು ಬಹುತೇಕ ಬೇರೆಯವರ ಕೈಯಿಂದ. ಐರ್ಲೆಂಡಿನ ವಿಲ್ಲಿ ಜಾನ್ ಮೆಕ್‌ಬ್ರೈಡ್ 1962ರಿಂದ 1975ರವರೆಗೆ ದೇಶದ ಪರವಾಗಿ 63 ಪಂದ್ಯಗಳನ್ನಾಡಿ ಗಳಿಸಿದ್ದು ಒಂದೇ ಟ್ರೈ, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಪಡೆಯುವ ಅಂಕ. ಹಾಗಿದ್ದೂ ರಗ್ಬಿ ಚರಿತ್ರೆಯಲ್ಲಿ ಅವರಿಗಿರುವ ಸ್ಥಾನ ಯಾವ ಆಧಾರದ ಮೇಲೆ ನಿಂತಿದೆ, ಆ ಆಧಾರ ಎಷ್ಟು ಗಟ್ಟಿ ಎಂಬುದು ಈ ಲೇಖನದ ವಿಚಾರ.

2. ಸೋಲುಗಳ ಲೆಕ್ಕ

ಮೆಕ್‌ಬ್ರೈಡ್ ಹುಟ್ಟಿದ್ದು 1940ರಲ್ಲಿ, ಉತ್ತರ ಐರ್ಲೆಂಡಿನ ಆಂಟ್ರಿಮ್ ಕೌಂಟಿಯ ಟೂಮ್‌ಬ್ರಿಜ್‌ನಲ್ಲಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಹೊಲದ ದುಡಿಮೆಗೆ ಹೆಗಲು ಕೊಟ್ಟ ಹುಡುಗ ರಗ್ಬಿಗೆ ಬಂದದ್ದು ತಡವಾಗಿ. ಅದು ಹವ್ಯಾಸಿ ಆಟದ ಕಾಲ. ಜೀವನೋಪಾಯಕ್ಕೆ ಬ್ಯಾಂಕಿನ ನೌಕರಿಯಿತ್ತು.

ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ ಲಯನ್ಸ್ ತಂಡದೊಂದಿಗೆ ಅವರು ಐದು ಪ್ರವಾಸ ಮಾಡಿ 17 ಟೆಸ್ಟ್‌ಗಳನ್ನಾಡಿದರು. ಈ ದಾಖಲೆಯನ್ನು ಬಿಡಿಸಿ ನೋಡಬೇಕು. 1962, 1966 ಮತ್ತು 1968ರ ಮೂರು ಪ್ರವಾಸಗಳಲ್ಲಿ ಅವರು ಆಡಿದ ಒಂಬತ್ತು ಟೆಸ್ಟ್‌ಗಳಲ್ಲಿ ಎಂಟು ಸೋಲು, ಒಂದು ಸಮ. ಗೆಲುವು ಒಂದೂ ಇಲ್ಲ. 1971 ಮತ್ತು 1974ರ ಎಂಟು ಟೆಸ್ಟ್‌ಗಳಲ್ಲಿ ಐದು ಗೆಲುವು, ಎರಡು ಸಮ, ಒಂದೇ ಸೋಲು. ನ್ಯೂಜಿಲೆಂಡಿನಲ್ಲಿ ಲಯನ್ಸ್ ಸರಣಿ ಗೆದ್ದದ್ದು 1971ರಲ್ಲೇ. 1974ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ತಂಡಕ್ಕೆ ಮೆಕ್‌ಬ್ರೈಡ್ ನಾಯಕ. ಆಡಿದ 22 ಪಂದ್ಯಗಳಲ್ಲಿ 21 ಗೆಲುವು. ಕೊನೆಯ ಟೆಸ್ಟ್ ಮಾತ್ರ 13–13ರಲ್ಲಿ ಸಮ. ಹೊಡೆದಾಟಕ್ಕೆ ತಂಡವೆಲ್ಲ ಒಟ್ಟಿಗೆ ಎದುರೇಳಬೇಕೆಂಬ 'ತೊಂಬತ್ತೊಂಬತ್ತು' ಎಂಬ ಕೂಗು ಈ ಪ್ರವಾಸದ್ದು. ಎಲ್ಲರೂ ಕೈ ಎತ್ತಿದರೆ ರೆಫ್ರಿ ಎಲ್ಲರನ್ನೂ ಹೊರಹಾಕಲಾರ ಎಂಬುದು ಅದರ ತರ್ಕ. ಹಿಂದಿನ ಸೋಲುಗಳಲ್ಲಿ ಪೆಟ್ಟು ತಿಂದವನ ತರ್ಕವೂ ಅದೇ.

3. ಒಡೆದ ದ್ವೀಪ, ಒಂದೇ ತಂಡ

ಐರಿಷ್ ರಗ್ಬಿ ತಂಡ ಇಡೀ ದ್ವೀಪಕ್ಕೆ ಒಂದೇ. ಉತ್ತರದಲ್ಲಿ ಬಾಂಬು ಬಂದೂಕುಗಳ ಕಲಹ ನಡೆದಿದ್ದಾಗಲೂ ಉತ್ತರದವರಾದ ಮೆಕ್‌ಬ್ರೈಡ್ ಡಬ್ಲಿನ್‌ನಲ್ಲಿ ದಕ್ಷಿಣದವರ ಜೊತೆಗೂಡಿ ಆಡಿದರು. 1972ರಲ್ಲಿ ಸ್ಕಾಟ್ಲೆಂಡ್, ವೇಲ್ಸ್ ತಂಡಗಳು ಡಬ್ಲಿನ್‌ಗೆ ಬರಲು ಒಪ್ಪಲಿಲ್ಲ. ಎರಡು ವರ್ಷಗಳ ಬಳಿಕ, 1974ರಲ್ಲಿ, ಮೆಕ್‌ಬ್ರೈಡ್ ನಾಯಕತ್ವದ ಐರ್ಲೆಂಡ್ ಐದು ರಾಷ್ಟ್ರಗಳ ಪಂದ್ಯಾವಳಿ ಗೆದ್ದಿತು. ಇದು 1951ರ ನಂತರ ಯಾರೊಂದಿಗೂ ಹಂಚಿಕೊಳ್ಳದೆ ಗೆದ್ದ ಮೊದಲ ಪ್ರಶಸ್ತಿ. ಮರುವರ್ಷದ ಮಾರ್ಚ್ 1ರಂದು, ಡಬ್ಲಿನ್‌ನ ಲ್ಯಾನ್ಸ್‌ಡೌನ್ ರೋಡ್ ಮೈದಾನದಲ್ಲಿ ಐರ್ಲೆಂಡ್ ಪರ ಆಡಿದ ತಮ್ಮ ಕೊನೆಯ ತವರು ಪಂದ್ಯದಲ್ಲಿ, ಫ್ರಾನ್ಸ್ ವಿರುದ್ಧ ಅವರ ಆ ಒಂದೇ ಟ್ರೈ ಬಂತು.

4. ಪಂದ್ಯದಾಚೆಯ ಪ್ರಶ್ನೆ

1974ರ ಪ್ರವಾಸವನ್ನು ಬರಿಯ ಗೆಲುವಿನ ಕಥೆಯಾಗಿ ಓದಲಾಗದು. ವರ್ಣಭೇದ ನೀತಿಯ ಕಾರಣಕ್ಕೆ ಬ್ರಿಟನ್ನಿನ ಲೇಬರ್ ಸರ್ಕಾರ ಈ ಪ್ರವಾಸವನ್ನು ವಿರೋಧಿಸಿತ್ತು. ಹೊರಡುವ ಮುನ್ನ ಮೆಕ್‌ಬ್ರೈಡ್ ಆಟಗಾರರನ್ನು ಸೇರಿಸಿ, ಮನಸ್ಸಿನಲ್ಲಿ ಅಳುಕಿರುವವರು ಈಗಲೇ ಹೊರಡಬಹುದು ಎಂದರು, ಯಾರೂ ಏಳಲಿಲ್ಲ. ಸರಣಿಯ ಮೊದಲ ಟೆಸ್ಟ್ ನಡೆದ ಕೇಪ್‌ಟೌನಿನ ಕಡಲಾಚೆ, ರಾಬೆನ್ ದ್ವೀಪದ ಸೆರೆಯಲ್ಲಿ ಆಗ ನೆಲ್ಸನ್ ಮಂಡೇಲಾ ಇದ್ದರು. ಪ್ರತ್ಯೇಕಿಸಿದ ಆವರಣಗಳಲ್ಲಿ ಕೂತ ಕಪ್ಪು ಜನ ಪ್ರವಾಸಿ ತಂಡಕ್ಕೇ ಜೈಕಾರ ಹಾಕಿದರು ಎಂಬುದನ್ನು ಪ್ರವಾಸದ ಸಮರ್ಥನೆಗೆ ಬಳಸುವುದುಂಟು. ಆದರೆ ಆ ಜೈಕಾರ ಸಾರುವುದು ಅವರ ಸಿಟ್ಟನ್ನು, ಪ್ರವಾಸದ ನ್ಯಾಯವನ್ನಲ್ಲ.

'ಅಂದಿನ ಕಾಲವೇ ಹಾಗಿತ್ತು' ಎಂಬ ಸಮಜಾಯಿಷಿಯೂ ನಿಲ್ಲದು. ವೇಲ್ಸ್‌ನ ಜಾನ್ ಟೇಲರ್ 1968ರಲ್ಲಿ ಮೆಕ್‌ಬ್ರೈಡ್ ಜೊತೆಗೇ ದಕ್ಷಿಣ ಆಫ್ರಿಕಾ ಕಂಡುಬಂದವರು; ಕಂಡದ್ದರಿಂದಲೇ ಮತ್ತೆ ಅಲ್ಲಿಗೆ ಹೋಗಲು ನಿರಾಕರಿಸಿದರು. ಒಂದೇ ಪ್ರವಾಸದಿಂದ ಇಬ್ಬರು ಎರಡು ದಾರಿ ಹಿಡಿದರು. ಅಂದರೆ ಆಯ್ಕೆ ಅಂದಿಗೂ ಇತ್ತು.

5. ಉಪಸಂಹಾರ

ಮೆಕ್‌ಬ್ರೈಡ್ ಅವರ ಹಿರಿಮೆಗೆ ಆಧಾರ ಅಂಕಗಳಲ್ಲ. ಒಂಬತ್ತು ಟೆಸ್ಟ್‌ಗಳಲ್ಲಿ ಗೆಲುವು ಕಾಣದೆಯೂ ಹತ್ತನೆಯದಕ್ಕೆ ಹೆಗಲು ಕೊಟ್ಟ ಹಟ, ಜೊತೆಗಿದ್ದವರನ್ನು ಬಿಡದ ನಿಷ್ಠೆ. ಒಡೆದ ನಾಡಿನ ತಂಡವನ್ನು ಒಟ್ಟಿಗೆ ನಿಲ್ಲಿಸಿದ್ದು ಆ ನಿಷ್ಠೆ. ವರ್ಣಭೇದದ ನಾಡಿಗೆ ತಂಡವನ್ನು ಕರೆದೊಯ್ದದ್ದೂ ಅದೇ. ಮೊದಲನೆಯದನ್ನು ಬರೆದು ಎರಡನೆಯದನ್ನು ಬಿಟ್ಟ ಚರಿತ್ರೆ ಅರೆ ಚರಿತ್ರೆ.