ಕಾಯುವುದೂ ಕೆಲಸವೇ

ಕಳೆದ ವಾರ ನಾನು ಆನ್-ಕಾಲ್. ಲ್ಯಾಪ್‌ಟಾಪ್ ದಿಂಬಿನ ಪಕ್ಕ, ಫೋನು ಫುಲ್ ವಾಲ್ಯೂಮಿನಲ್ಲಿ. ಒಂದು ರಾತ್ರಿ ಒಂದೂ ಅಲರ್ಟ್ ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಬೆಳಗ್ಗೆ ಮ್ಯಾನೇಜರ್, "ಏನೂ ಆಗ್ಲಿಲ್ವಲ್ಲ, ಒಳ್ಳೆ ರೆಸ್ಟ್ ಸಿಕ್ತು ಬಿಡು" ಅಂದ್ರು.

ಕಾಯೋದು ರೆಸ್ಟಾ? ಈ ಪ್ರಶ್ನೆ ನಮಗಿಂತ ಮೊದಲೇ ಪೈಲಟ್‌ಗಳನ್ನು ಕಾಡಿದೆ.

1934ರಲ್ಲಿ ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಮಂಡಳಿ ತನ್ನ 83ನೇ ತೀರ್ಪಿನಲ್ಲಿ ಪೈಲಟ್‌ಗಳ ಹಾರಾಟಕ್ಕೆ ತಿಂಗಳಿಗೆ 85 ಗಂಟೆಗಳ ಮಿತಿ ಹಾಕಿತು. 1938ರ ಕಾಯ್ದೆ ಆ ತೀರ್ಪಿಗೆ ಕಾನೂನಿನ ಬಲ ಕೊಟ್ಟಿತು. ದೊಡ್ಡ ಗೆಲುವೇ. ಆದರೆ ಲೆಕ್ಕಕ್ಕೆ ಬಂದದ್ದು ಹಾರಿದ ಗಂಟೆ, ಕಾದ ಗಂಟೆಯಲ್ಲ.

ಯಾರಿಗೋ ಜ್ವರ ಬಂದರೆ, ಹಿಮ ಸುರಿದು ಶೆಡ್ಯೂಲ್ ಕೆಟ್ಟರೆ ವಿಮಾನ ನಿಲ್ಲಬಾರದಲ್ಲ? ಅದಕ್ಕೆ ಕಂಪನಿಗಳು ಒಂದಷ್ಟು ಪೈಲಟ್‌ಗಳನ್ನು 'ರಿಸರ್ವ್' ಇಟ್ಟುಕೊಳ್ಳುತ್ತವೆ. ಅಲ್ಲಿ ಡ್ಯೂಟಿ ಆರಿಸಿಕೊಳ್ಳುವುದು ಸೀನಿಯಾರಿಟಿ ಪ್ರಕಾರ. ಹಾಗಾಗಿ ರಿಸರ್ವ್ ಬೀಳುವುದು ಹೆಚ್ಚಾಗಿ ಹೊಸಬರ ತಲೆಗೆ.

2009ರ ಫೆಬ್ರವರಿ 12ರಂದು ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಕ್ಯಾಪ್ಟನ್ ಹಿಂದಿನ ರಾತ್ರಿ ಕಳೆದದ್ದು ಕ್ರೂ ಕೋಣೆಯಲ್ಲಿ. ಸಹ-ಪೈಲಟ್ ಡ್ಯೂಟಿಗೆಂದು ಸಿಯಾಟಲ್‌ನಿಂದ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ಬಂದಿದ್ದರು. ಅವರು ರಿಸರ್ವ್‌ನಲ್ಲಿದ್ದರು ಅಂತಲ್ಲ. ತನಿಖೆ ಹೇಳಿದ ಮುಖ್ಯ ಕಾರಣವೂ ಕ್ಯಾಪ್ಟನ್ನನ ತಪ್ಪು ಪ್ರತಿಕ್ರಿಯೆ. ಆದರೆ ಪೈಲಟ್‌ಗಳ ನಿದ್ದೆ ಅವತ್ತಿನಿಂದ ದೇಶದ ಚರ್ಚೆಯಾಯಿತು.

2014ರ ಜನವರಿಯಲ್ಲಿ ಹೊಸ ನಿಯಮ ಜಾರಿಗೆ ಬಂತು. ಏರ್‌ಪೋರ್ಟಿನಲ್ಲಿ ರಿಸರ್ವ್ ಕೂತರೆ ಆ ಹೊತ್ತೆಲ್ಲ ಡ್ಯೂಟಿಯ ಲೆಕ್ಕಕ್ಕೆ. ಫೋನಿಗಾಗಿ ಮನೆಯಲ್ಲೇ ಕಾಯುವ ಪಾಳಿ 14 ಗಂಟೆ ಮೀರುವಂತಿಲ್ಲ. ಡ್ಯೂಟಿಗೆ ಮುಂಚೆ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ. ಬಿಡುವು ಅಂದರೆ ಕಂಪನಿಯ ಯಾವ ಕಟ್ಟುಪಾಡೂ ಇಲ್ಲದ ಹೊತ್ತು. ಸರಕು ವಿಮಾನಗಳ ಪೈಲಟ್‌ಗಳನ್ನು ಮಾತ್ರ ಹೊರಗಿಟ್ಟರು. ಪಾರ್ಸಲ್ ಒಯ್ಯುವವರಿಗೆ ನಿದ್ದೆ ಬೇಡವೇನೋ!

ಇದನ್ನು ಓದುವಾಗ ಅಪ್ಪ ನೆನಪಾದರು. ನಮ್ಮೂರಲ್ಲಿ ತ್ರೀ ಫೇಸ್ ಕರೆಂಟ್ ರಾತ್ರಿ ಯಾವಾಗಲೋ ಬರುತ್ತಿತ್ತು. ಪಂಪ್‌ಸೆಟ್ ಮನೆಯ ಬಲ್ಬಿನ ಸ್ವಿಚ್ ಹಾಕಿಟ್ಟು, ಅದು ಹತ್ತಿದಾಗ ಎಚ್ಚರವಾಗಲಿ ಅಂತ ಅದರ ಕೆಳಗೇ ಮಲಗುತ್ತಿದ್ದರು. ಎಷ್ಟೋ ರಾತ್ರಿ ಬಲ್ಬು ಹತ್ತುತ್ತಲೇ ಇರಲಿಲ್ಲ. ಬೆಳಗ್ಗೆ ಅಪ್ಪನ ಕಣ್ಣು ಮಾತ್ರ ಕೆಂಪಗಿರುತ್ತಿತ್ತು. ರಾತ್ರಿಯೆಲ್ಲ ಮಲಗೇ ಇದ್ರಲ್ಲ ಅಂತ ನಾನೇ ಅಂದಿದ್ದೆ.

ಸೋಮವಾರ ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿದೆ: ಆನ್-ಕಾಲ್ ಇದ್ದವರು ಮರುದಿನ ತಡವಾಗಿ ಬರಲಿ, ಅಲರ್ಟ್ ಬಂದಿರಲಿ ಬಿಡಲಿ. ಉತ್ತರ ಇನ್ನೂ ಬಂದಿಲ್ಲ. ಕಾಯ್ತಾ ಇದ್ದೀನಿ.