ಫ್ರಾಂಕಾ ರಾಮೆ

ಫ್ರಾಂಕಾ ರಾಮೆ (ಜುಲೈ 18, 1929 – ಮೇ 29, 2013) ಇಟಲಿಯ ರಂಗನಟಿ, ನಾಟಕಕಾರ್ತಿ ಮತ್ತು ರಾಜಕಾರಣಿ. ನೊಬೆಲ್ ಪುರಸ್ಕೃತ ನಾಟಕಕಾರ ದಾರಿಯೋ ಫೋ ಅವರ ಪತ್ನಿ ಹಾಗೂ ಸಹಲೇಖಕಿಯಾಗಿದ್ದ ಇವರು ಸ್ತ್ರೀಜೀವನವನ್ನು ಕುರಿತ ಏಕವ್ಯಕ್ತಿ ನಾಟಕಗಳಿಂದ ಪ್ರಸಿದ್ಧರಾದರು.

ಜನನ ಮತ್ತು ಬಾಲ್ಯ

ಫ್ರಾಂಕಾ ಅವರು ಮಿಲಾನ್ ನಗರದ ಸಮೀಪದ ಪರಾಬಿಯಾಗೋ ಎಂಬಲ್ಲಿ ಜನಿಸಿದರು. ಅವರದು ಊರೂರು ಸುತ್ತಿ ನಾಟಕವಾಡುತ್ತಿದ್ದ ಕುಟುಂಬ. ಹಸುಗೂಸಾಗಿದ್ದಾಗಲೇ ಅವರು ರಂಗದ ಮೇಲೆ ಬಂದರು. ಕಥೆಯ ಎಳೆಯೊಂದನ್ನು ಹಿಡಿದು ಮಾತುಗಳನ್ನು ಸ್ಥಳದಲ್ಲಿಯೇ ಕಟ್ಟಿಕೊಳ್ಳುವ ಈ ಮನೆತನದ ಕಲೆಯೇ ಅವರಿಗೆ ಮೊದಲ ಪಾಠಶಾಲೆಯಾಯಿತು.

ರಂಗಭೂಮಿ

1954ರಲ್ಲಿ ಫ್ರಾಂಕಾ ಅವರು ದಾರಿಯೋ ಫೋ ಅವರನ್ನು ವಿವಾಹವಾದರು. ಮರುವರ್ಷ ಮಗ ಯಾಕೊಪೋ ಜನಿಸಿದನು. 1950ರ ದಶಕದ ಕೊನೆಯಲ್ಲಿ ದಂಪತಿಗಳು ತಮ್ಮಿಬ್ಬರ ಹೆಸರಿನಲ್ಲಿ ನಾಟಕ ತಂಡವನ್ನು ಸ್ಥಾಪಿಸಿದರು. ಪ್ರಮುಖ ಪಾತ್ರಗಳನ್ನು ನಿರ್ವಹಿಸುವುದರ ಜೊತೆಗೆ ತಂಡದ ಆಡಳಿತವನ್ನೂ ನಾಟಕಗಳ ಪಠ್ಯವನ್ನು ತಿದ್ದುವ ಕೆಲಸವನ್ನೂ ಫ್ರಾಂಕಾ ಅವರು ನಿರ್ವಹಿಸುತ್ತಿದ್ದರು. 1968ರಲ್ಲಿ 'ನುವೋವಾ ಷೇನಾ' ಮತ್ತು 1970ರಲ್ಲಿ 'ಲಾ ಕೊಮೂನೆ' ತಂಡಗಳ ಮೂಲಕ ನಾಟಕವನ್ನು ಕಾರ್ಮಿಕರ ಬಳಿಗೆ ಕೊಂಡೊಯ್ದರು.

ದೂರದರ್ಶನ

1962ರಲ್ಲಿ ಇಟಲಿಯ ಸರಕಾರಿ ಪ್ರಸಾರ ಸಂಸ್ಥೆಯಾದ 'ರೈ'ಯ ಜನಪ್ರಿಯ ಕಾರ್ಯಕ್ರಮ 'ಕನ್ಸೊನಿಸ್ಸಿಮಾ'ವನ್ನು ದಂಪತಿಗಳು ನಡೆಸಿಕೊಟ್ಟರು. ಕಟ್ಟಡ ಕಾರ್ಮಿಕರ ಸುರಕ್ಷತೆಯನ್ನು ಕುರಿತ ಪ್ರಹಸನಕ್ಕೆ ಸಂಸ್ಥೆಯು ಕತ್ತರಿ ಹಾಕಲು ಮುಂದಾದಾಗ ಇಬ್ಬರೂ ಕಾರ್ಯಕ್ರಮವನ್ನು ತೊರೆದರು. ಆ ಬಳಿಕ ಸುಮಾರು ಹದಿನೈದು ವರ್ಷಗಳ ಕಾಲ ಅವರಿಗೆ ದೂರದರ್ಶನದ ಬಾಗಿಲು ಮುಚ್ಚಿತ್ತು. 1977ರಲ್ಲಿ ತಮ್ಮ ನಾಟಕಗಳ ಸರಣಿಯೊಂದಿಗೆ ಅವರು ಮರಳಿ ಬಂದರು.

ನಾಟಕ ರಚನೆ

1973ರ ಮಾರ್ಚ್ 9ರಂದು ನವಫ್ಯಾಸಿಸ್ಟರ ಗುಂಪೊಂದು ಮಿಲಾನ್‌ನಲ್ಲಿ ಫ್ರಾಂಕಾ ಅವರನ್ನು ಅಪಹರಿಸಿ ಅತ್ಯಾಚಾರವೆಸಗಿತು. ಸುಮಾರು ಎರಡು ತಿಂಗಳಲ್ಲಿ ಅವರು ರಂಗಕ್ಕೆ ಹಿಂದಿರುಗಿದರು. ಮುಂದೆ ಈ ಅನುಭವವನ್ನು 'ಲೋ ಸ್ತೂಪ್ರೋ' (ಅತ್ಯಾಚಾರ) ಎಂಬ ಏಕವ್ಯಕ್ತಿ ನಾಟಕವಾಗಿಸಿದರು. ಮೊದಮೊದಲು ಅದನ್ನು ಪತ್ರಿಕೆಯಲ್ಲಿ ಓದಿದ ಬೇರೊಬ್ಬ ಮಹಿಳೆಯ ಹೇಳಿಕೆಯೆಂದೇ ಪ್ರೇಕ್ಷಕರಿಗೆ ಪರಿಚಯಿಸುತ್ತಿದ್ದರು. 1980ರ ದಶಕದ ಕೊನೆಯಲ್ಲಿ 'ರೈ'ಯ 'ಫಂತಾಸ್ತಿಕೋ' ಮನರಂಜನಾ ಕಾರ್ಯಕ್ರಮದಲ್ಲಿ ಇದನ್ನು ಅಭಿನಯಿಸಿದಾಗ ಇಡೀ ದೇಶವೇ ಅದನ್ನು ಕೇಳುವಂತಾಯಿತು. ಅಪರಾಧದ ಕಾಲಮಿತಿ ಮೀರಿದ್ದರಿಂದ ಯಾರಿಗೂ ಶಿಕ್ಷೆಯಾಗಲಿಲ್ಲ.

1977ರಲ್ಲಿ ಪ್ರದರ್ಶನಗೊಂಡ 'ತುತ್ತಾ ಕಾಸಾ, ಲೆತ್ತೋ ಎ ಕಿಯೇಸಾ' (ಮನೆ, ಹಾಸಿಗೆ, ಚರ್ಚು – ಇಷ್ಟೇ) ಅವರ ಅತ್ಯಂತ ಪ್ರಸಿದ್ಧ ಕೃತಿ. ಇದರ ಒಂದು ಭಾಗದಲ್ಲಿ ಗಂಡ ಬೀಗ ಹಾಕಿಹೋದ ಮನೆಯೊಳಗಿನಿಂದ ಗೃಹಿಣಿಯೊಬ್ಬಳು ಎದುರುಮನೆಯಾಕೆಯೊಡನೆ ಕಿಟಕಿಯ ಮೂಲಕ ಮಾತನಾಡುತ್ತಾಳೆ. ನಗಿಸುತ್ತಲೇ ಅವಳ ಬಂಧನವನ್ನು ಈ ಭಾಗ ತೆರೆದಿಡುತ್ತದೆ. 'ಕೊಪ್ಪಿಯಾ ಅಪೆರ್ತಾ' (1983) ಇವರ ಮತ್ತೊಂದು ಜನಪ್ರಿಯ ನಾಟಕ. ಈ ಎರಡು ಕೃತಿಗಳ ಪಠ್ಯವೂ ದಂಪತಿಗಳ ಜಂಟಿ ಹೆಸರಿನಲ್ಲಿದೆ.

ನಂತರದ ಜೀವನ

1997ರ ಸಾಹಿತ್ಯದ ನೊಬೆಲ್ ಪ್ರಶಸ್ತಿ ಫೋ ಅವರೊಬ್ಬರಿಗೇ ಘೋಷಣೆಯಾಯಿತು. ಆದರೆ ಅದು ಫ್ರಾಂಕಾ ಅವರಿಗೂ ಸಲ್ಲತಕ್ಕದ್ದೆಂದು ಫೋ ಅವರೇ ಸಾರಿದರು. ಪ್ರಶಸ್ತಿಯ ಹಣವನ್ನು ದಂಪತಿಗಳು ಅಂಗವಿಕಲರ ನೆರವಿಗೆ ವಿನಿಯೋಗಿಸಿದರು. 2006ರಲ್ಲಿ ಫ್ರಾಂಕಾ ಅವರು ಇಟಲಿಯ ಸೆನೆಟ್‌ಗೆ ಆಯ್ಕೆಯಾಗಿ, 2008ರಲ್ಲಿ ಆ ಸ್ಥಾನಕ್ಕೆ ರಾಜೀನಾಮೆ ನೀಡಿದರು. 2013ರಲ್ಲಿ ಮಿಲಾನ್‌ನಲ್ಲಿ ತಮ್ಮ 83ನೆಯ ವಯಸ್ಸಿನಲ್ಲಿ ನಿಧನರಾದರು.