ಕೊಂಡವನು, ಕಟ್ಟಿದವನು: ರೇಸ್ ಕಾರಿನ ಹಳೇ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ ನಮ್ಮಲ್ಲಿ. ರೇಸ್ ಹುಚ್ಚು ಇರೋರು ಅದಕ್ಕೆ ಇನ್ನೊಂದನ್ನೂ ಸೇರಿಸಬಹುದು: ರೇಸ್ ಕಾರು ಕಟ್ಟಿ ನೋಡು. ಹವ್ಯಾಸಕ್ಕಾಗಿ ರೇಸಿಗೆ ಇಳಿಯೋ ಪ್ರತಿಯೊಬ್ಬರಿಗೂ ಈ ಪ್ರಶ್ನೆ ಎದುರಾಗುತ್ತೆ. ಬೇರೆಯವರು ಮಾಡಿಟ್ಟ ಕಾರನ್ನ ಕೊಳ್ಳೋದಾ, ಇಲ್ಲಾ ಶೆಡ್ಡಿನಲ್ಲಿ ನಾವೇ ಕಟ್ಟಿಕೊಳ್ಳೋದಾ? 1948ರಲ್ಲಿ ಇಂಗ್ಲೆಂಡಿನ ಇಬ್ಬರು ಹುಡುಗರು ಇದಕ್ಕೆ ಬೇರೆ ಬೇರೆ ಉತ್ತರ ಕಂಡುಕೊಂಡರು. ಒಬ್ಬ ಕೊಂಡ, ಇನ್ನೊಬ್ಬ ಕಟ್ಟಿದ.

ಮೊದಲು ಆ ಕಾಲ ಹೇಗಿತ್ತು ನೋಡೋಣ. ಎರಡನೇ ಮಹಾಯುದ್ಧ ಮುಗಿದಿತ್ತು, ಬ್ರಿಟನ್ನಿನ ಖಜಾನೆ ಬರಿದಾಗಿತ್ತು. ಪೆಟ್ರೋಲಿಗೆ 1950ರವರೆಗೂ ರೇಷನ್. ಫ್ಯಾಕ್ಟರಿಯಿಂದ ಬರೋ ಹೊಸ ಕಾರುಗಳಲ್ಲಿ ಹೆಚ್ಚಿನವು ಡಾಲರ್ ತರೋದಕ್ಕೆ ಅಂತ ಹಡಗು ಹತ್ತುತ್ತಿದ್ದವು. ಇಂಥ ಹೊತ್ತಲ್ಲಿ ಕಾರ್ ರೇಸ್ ಅಂದ್ರೆ ಶ್ರೀಮಂತರ ಆಟ ಮಾತ್ರ, ಅಲ್ವಾ? ಅದು ಹಾಗಾಗಬಾರದು ಅಂತ ಕೆಲವು ಉತ್ಸಾಹಿಗಳು ಒಂದು ಸರಳ ನಿಯಮ ಮಾಡಿಕೊಂಡರು. ಎಂಜಿನ್ 500 ಸಿಸಿ ಮೀರಬಾರದು, ಅಷ್ಟೇ. ಅಂದ್ರೆ ಬೈಕಿನ ಎಂಜಿನ್ ಸಾಕು.

ಲಂಡನ್ ಪಕ್ಕದ ಸರ್ಬಿಟನ್‌ನಲ್ಲಿ ಚಾರ್ಲ್ಸ್ ಕೂಪರ್ ಮತ್ತು ಮಗ ಜಾನ್ ಕೂಪರ್ ಗ್ಯಾರೇಜ್ ನಡೆಸುತ್ತಿದ್ದರು. 1946ರಲ್ಲಿ ಅವರು ಫಿಯೆಟ್ ಟೊಪೊಲಿನೊ ಅನ್ನೋ ಪುಟ್ಟ ಕಾರಿನ ಮುಂಭಾಗಗಳನ್ನು ಎರಡು ತಂದು, ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದರು. ಡ್ರೈವರ್ ಹಿಂದೆ ಜೆಎಪಿ ಬೈಕ್ ಎಂಜಿನ್ ಇಟ್ಟರು. ಹಿಂದೆಯೇ ಯಾಕೆ? ಬೈಕ್ ಎಂಜಿನ್ ಚೈನ್‌ನಿಂದ ಚಕ್ರ ತಿರುಗಿಸುತ್ತೆ, ಹಾಗಾಗಿ ಅದು ಹಿಂದಿನ ಚಕ್ರದ ಹತ್ತಿರ ಇದ್ದರೇ ಸುಲಭ. ಅವರು ಕಟ್ಟಿದ್ದು ತಮಗೋಸ್ಕರ. ಆದರೆ ಓಟ ನೋಡಿದವರು ನಮಗೂ ಒಂದು ಕೊಡಿ ಅಂತ ಬಂದರು.

ಹಾಗೆ ಬಂದವರಲ್ಲಿ ಒಬ್ಬ 18 ವರ್ಷದ ಸ್ಟರ್ಲಿಂಗ್ ಮಾಸ್. ಅಪ್ಪ ದಂತವೈದ್ಯರು, ಹಿಂದೆ ತಾವೂ ರೇಸ್ ಮಾಡಿದ್ದವರು. ಕುದುರೆ ಸವಾರಿ ಸ್ಪರ್ಧೆಗಳಲ್ಲಿ ಗೆದ್ದ ದುಡ್ಡನ್ನೂ ಹಾಕಿ ಹುಡುಗ 1948ರಲ್ಲಿ ಕೂಪರ್ 500 ಕೊಂಡ. ಅದೇ ಸೆಪ್ಟೆಂಬರ್ 18ಕ್ಕೆ, ಗುಡ್‌ವುಡ್ ಸರ್ಕ್ಯೂಟಿನ ಮೊಟ್ಟಮೊದಲ ರೇಸ್ ದಿನ, 500 ಸಿಸಿ ರೇಸ್ ಗೆದ್ದ. ಹಿಂದಿನ ದಿನವಷ್ಟೇ ಅವನಿಗೆ 19 ತುಂಬಿತ್ತು. ಅವನು ವೆಲ್ಡಿಂಗ್ ಕಲಿಯೋಕೆ ಕೂತಿದ್ದರೆ ಆ ಬೇಸಿಗೆ ಶೆಡ್ಡಿನಲ್ಲೇ ಕಳೆದುಹೋಗ್ತಿತ್ತು.

ಈಗ ಇನ್ನೊಬ್ಬನ ಕಡೆ ಬರೋಣ. ಕಾಲಿನ್ ಚ್ಯಾಪ್‌ಮನ್, ಲಂಡನ್ನಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ. ಓದಿನ ಜೊತೆಗೆ ಗೆಳೆಯನೊಬ್ಬನ ಸಂಗಡ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರ. 1947ರ ಕೊನೆಗೆ ಸರ್ಕಾರ ಖಾಸಗಿ ಕಾರುಗಳ ಮಾಮೂಲಿ ಪೆಟ್ರೋಲ್ ರೇಷನ್ನನ್ನೂ ನಿಲ್ಲಿಸಿತು. ಹಳೇ ಕಾರುಗಳ ಮಾರುಕಟ್ಟೆ ಕುಸಿದುಬಿತ್ತು. ಕೈಯಲ್ಲಿ ಉಳಿದದ್ದು ಮಾರಾಟವಾಗದ ಒಂದು ಆಸ್ಟಿನ್ ಸೆವೆನ್. ಅದನ್ನೇ ಬಿಚ್ಚಿ, ಗೆಳತಿ ಹೇಜಲ್ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಹೊಸ ಬಾಡಿ ಕಟ್ಟಿದ. ಅದೇ ಮೊದಲ ಲೋಟಸ್. ಕೆಸರು ಗುಡ್ಡ ಹತ್ತಿಸೋ ಸ್ಪರ್ಧೆಗಳಲ್ಲಿ ಅದನ್ನ ಓಡಿಸಿದ.

ಕೈ ಕೆಸರಾದರೆ ಬಾಯಿ ಮೊಸರು ಅನ್ನೋದು ಇಲ್ಲಿ ಅಕ್ಷರಶಃ ನಿಜ. ಕಟ್ಟಿದವನಿಗೆ ಸಿಕ್ಕ ಮೊಸರು ಅಂದ್ರೆ ತಿಳಿವಳಿಕೆ. ಬ್ರಿಟನ್ನಿನ 750 ಮೋಟಾರ್ ಕ್ಲಬ್, ಆಸ್ಟಿನ್ ಸೆವೆನ್ ಆಧಾರದ ಅಗ್ಗದ ಕಾರುಗಳಿಗೆ ರೇಸ್ ನಡೆಸುತ್ತಿತ್ತು. ಆ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್, ಆದರೆ ಒಳಗೆ ಗಾಳಿ ಮತ್ತು ಪೆಟ್ರೋಲ್ ಹೋಗೋ ದಾರಿ ಎರಡೇ. ಚ್ಯಾಪ್‌ಮನ್ ಆ ದಾರಿಗಳ ನಡುವೆ ತಡೆಗೋಡೆ ಕೂರಿಸಿ, ಎರಡು ದಾರಿ ನಾಲ್ಕರ ಹಾಗೆ ಕೆಲಸ ಮಾಡೋ ಥರ ಮಾಡಿದ. 1951ರಲ್ಲಿ ಉಳಿದವರಿಗೆ ಅವನ ಕಾರನ್ನ ಹಿಡಿಯೋಕಾಗಲಿಲ್ಲ. ಕೊನೆಗೆ ಕ್ಲಬ್ಬೇ ನಿಯಮ ಬದಲಾಯಿಸಿ ಆ ಉಪಾಯಕ್ಕೆ ಬಾಗಿಲು ಹಾಕಿತು.

1952ರಲ್ಲಿ ಅವನು ಕಂಪನಿ ಶುರು ಮಾಡಿದ. ಬಂಡವಾಳಕ್ಕೆ ಹೇಜಲ್ ಕೊಟ್ಟ 25 ಪೌಂಡ್ ಸಾಲ. ಕೊಳ್ಳೋದು, ಕಟ್ಟೋದು ಎರಡರ ನಡುವೆ ಮೂರನೇ ದಾರಿಯೊಂದು ದೊಡ್ಡದಾಗಿದ್ದು ಇಲ್ಲೇ: ಕಿಟ್. ಬ್ರಿಟನ್ನಿನಲ್ಲಿ ಪೂರ್ತಿ ತಯಾರಾದ ಕಾರಿಗೆ ಭಾರೀ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್‌ಗೆ ಇರಲಿಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ತೆರಿಗೆ ಸೇರಿ 1,036 ಪೌಂಡ್, ಕಿಟ್ ಆದರೆ 536. ಹೆಚ್ಚುಕಮ್ಮಿ ಅರ್ಧ! ಸಾವಿರಾರು ಹುಡುಗರಿಗೆ ಸ್ಪ್ಯಾನರ್ ಕೈಗೆ ಕೊಟ್ಟದ್ದು ಕಾರಿನ ಪ್ರೀತಿಯಷ್ಟೇ ಅಲ್ಲ, ತೆರಿಗೆ ಕಾನೂನು ಕೂಡ. 1973ರಲ್ಲಿ ವ್ಯಾಟ್ ಬಂದಾಗ ಆ ಲಾಭ ಹೋಯಿತು. ಲೋಟಸ್ ಸೆವೆನ್ನಿನ ಹಕ್ಕನ್ನು ಅದೇ ವರ್ಷ ಕೇಟರ್‌ಹ್ಯಾಮ್ ಅನ್ನೋ ಡೀಲರ್‌ಗೆ ಕೊಟ್ಟಿತು.

ಇಷ್ಟರಲ್ಲಿ ಕೊಂಡವನ ದಾರಿ, ಕಟ್ಟಿದವನ ದಾರಿ ಒಂದಕ್ಕೊಂದು ಸೇರಿದ್ದವು. 1958ರ ಅರ್ಜೆಂಟೀನಾ ಗ್ರ್ಯಾಂಡ್ ಪ್ರೀಯಲ್ಲಿ ಮಾಸ್ ಗೆದ್ದಿದ್ದು ಕೂಪರ್ ಕಾರಲ್ಲಿ. ಎಂಜಿನ್ ಹಿಂದಿದ್ದ ಕಾರೊಂದು ವಿಶ್ವ ಚಾಂಪಿಯನ್‌ಶಿಪ್ ರೇಸ್ ಗೆದ್ದದ್ದು ಅದೇ ಮೊದಲು. 1960ರ ಮೊನಾಕೊದಲ್ಲಿ ಲೋಟಸ್‌ಗೆ ಮೊದಲ ಗ್ರ್ಯಾಂಡ್ ಪ್ರೀ ಗೆಲುವು ತಂದುಕೊಟ್ಟವರೂ ಮಾಸ್. ಅವರು ಕಂಪನಿಯ ತಂಡದವರಲ್ಲ. ರಾಬ್ ವಾಕರ್ ಅನ್ನೋ ಖಾಸಗಿ ಮಾಲೀಕ ಕೊಂಡಿದ್ದ ಲೋಟಸ್ ಅದು. ಕಟ್ಟಿದವನ ಕಾರಿಗೆ ಮೊದಲ ದೊಡ್ಡ ಗೆಲುವು ಬಂದಿದ್ದು ಕೊಂಡವರ ಕೈಯಿಂದ!

ಆದರೆ ಈ ಆಟದ ಬೆಲೆ ದುಡ್ಡಿನಲ್ಲಷ್ಟೇ ಇರಲಿಲ್ಲ. 1962ರ ಏಪ್ರಿಲ್‌ನಲ್ಲಿ, 1948ರಲ್ಲಿ ಗೆದ್ದ ಅದೇ ಗುಡ್‌ವುಡ್‌ನಲ್ಲಿ, ಮಾಸ್ ಓಡಿಸುತ್ತಿದ್ದ ಲೋಟಸ್ ಅಪಘಾತಕ್ಕೀಡಾಯಿತು. ಸುಮಾರು ಒಂದು ತಿಂಗಳು ಅವರಿಗೆ ಪ್ರಜ್ಞೆ ಇರಲಿಲ್ಲ. ಕಾರಣ ಏನು ಅಂತ ಖಚಿತವಾಗಿ ಗೊತ್ತಾಗಲೇ ಇಲ್ಲ, ಮಾಸ್‌ಗೆ ಅದರ ನೆನಪೂ ಉಳಿಯಲಿಲ್ಲ. ಫಾರ್ಮುಲಾ ಒನ್ ಬದುಕು ಅಲ್ಲಿಗೆ ಮುಗಿಯಿತು. ಕಾರು ಕೊಂಡದ್ದಿರಲಿ, ಕಟ್ಟಿದ್ದಿರಲಿ, ಅದನ್ನು ನಂಬಿ ಒಳಗೆ ಕೂರೋದು ಒಂದು ಜೀವ.

ನಮ್ಮ ಕಡೆಗೂ ಇದೇ ಪ್ರಶ್ನೆ ಬಂತು. 1980ರ ದಶಕದಲ್ಲಿ ವಿದೇಶಿ ರೇಸ್ ಕಾರು ತರಿಸೋದು ಸಾಮಾನ್ಯರ ಮಾತಾಗಿರಲಿಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ಆಗ ಮಾರುತಿ 800ರ ಎಂಜಿನ್ ಇಟ್ಟು ಒಂದೇ ಸೀಟಿನ ರೇಸ್ ಕಾರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. ಮುಂದೆ ಫಾರ್ಮುಲಾ ಒನ್ ತಲುಪಿದ ನರೇನ್ ಕಾರ್ತಿಕೇಯನ್ ಶುರುವಿನಲ್ಲಿ ಓಡಿಸಿದ್ದು ಈ ಕಾರನ್ನೇ. ಒಬ್ಬರು ಕಟ್ಟಿದ್ದರಿಂದ ಇನ್ನೊಬ್ಬರು ಕಟ್ಟದೇ ಓಡಿಸೋಕೆ ಆಯಿತು. ಇವತ್ತು ಬೆಂಗಳೂರಿನ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಕಾರು ಕಟ್ಟುತ್ತಾರೆ. ಅಲ್ಲಿ ಕೊಳ್ಳೋ ಆಯ್ಕೆಯೇ ಇಲ್ಲ. ಯಾಕಂದ್ರೆ ಪರೀಕ್ಷೆ ಇರೋದು ಕಟ್ಟಿದವರ ತಲೆಗೆ.

ಹಾಗಾದ್ರೆ ಯಾವುದು ಸರಿ? ಕಟ್ಟೋದು ಅಗ್ಗ ಅನ್ನೋರು ಸಾಮಾನ್ಯವಾಗಿ ತಮ್ಮ ದುಡಿಮೆಯ ಗಂಟೆಗಳನ್ನ ಲೆಕ್ಕಕ್ಕೆ ಹಿಡಿಯೋದಿಲ್ಲ. ಈಗಾಗಲೇ ಓಡಿ ಪಳಗಿದ ಕಾರಿನಲ್ಲಿ ಹೊಸ ಕಾರಿಗೆ ಬರೋ ಮೊದಲ ಕಾಯಿಲೆಗಳೆಲ್ಲ ಆಗಲೇ ವಾಸಿಯಾಗಿರುತ್ತವೆ. ಅದೇ ಕಾರು ಕೆಟ್ಟು ನಿಂತಾಗ ಎಲ್ಲಿ ಕೈ ಹಾಕಬೇಕು ಅನ್ನೋದು ಕಟ್ಟಿದವನಿಗೆ ಬೇಗ ಹೊಳೆಯುತ್ತೆ. ಎರಡಕ್ಕೂ ಮೊದಲು ಓದಬೇಕಾದ್ದು ರೇಸಿನ ನಿಯಮ ಪುಸ್ತಕ. 500 ಸಿಸಿ ಅನ್ನೋ ಒಂದು ಸಾಲು ಇಲ್ಲದಿದ್ದರೆ ಕೂಪರ್ ಕಾರೂ ಇರ್ತಿರಲಿಲ್ಲ.

ಮಾಸ್‌ಗೆ ಬೇಕಿದ್ದದ್ದು ಟ್ರ್ಯಾಕಿನ ಮೇಲೆ ಕಳೆಯೋ ಹೊತ್ತು, ಅದಕ್ಕೆ ಕೊಂಡರು. ಚ್ಯಾಪ್‌ಮನ್‌ಗೆ ಬೇಕಿದ್ದದ್ದು ಕಾರು ಯಾಕೆ ಹಾಗೆ ಓಡುತ್ತೆ ಅನ್ನೋದಕ್ಕೆ ಉತ್ತರ, ಅದಕ್ಕೆ ಕಟ್ಟಿದರು. ನಿಮಗೆ ಬೇಕಿರೋದು ಇವೆರಡರಲ್ಲಿ ಯಾವುದು? ಜೇಬಿನ ಲೆಕ್ಕ ಅದಾದ ಮೇಲೆ. ಮುಂದಿನ ಕಂತಿನಲ್ಲಿ ಸಿಗೋಣ.